ಪೆನ್ಸಿಲ್ ಕೆಳಗಿಟ್ಟ ಶುಕ್ರವಾರಗಳು

ಚಿತ್ರ ಬಿಡಿಸಲು ಕಲಿಸಿದ ಗುರುಗಳು ನಮ್ಮ ಮಂಗಳೂರಿನಲ್ಲಿ ಅನೇಕರಿದ್ದಾರೆ; ಚಿತ್ರವನ್ನು ನೋಡಲು ಕಲಿಸಿದವರು ಯಾರೆಂದು ಕೇಳಿದರೆ ನನಗೆ ನೆನಪಾಗುವುದು ಒಂದೇ ಹೆಸರು, ಶ್ರೀ ಚಿತ್ತರಂಜನ ರೈ. ಬೈಕಂಪಾಡಿಯ ನಮ್ಮ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಚಿತ್ರಕಲಾ ಶಿಕ್ಷಕರಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರ ಬಗ್ಗೆ ಬರೆಯುವ ಯೋಗ್ಯತೆ ಗಣಿತದ ಟೀಚರಾದ ನನಗಿದೆಯೇ ಎಂಬ ಅಳುಕಿನಿಂದಲೇ ಈ ಲೇಖನಕ್ಕೆ ಕುಳಿತಿದ್ದೇನೆ. ಅಳುಕಿಗೆ ಕಾರಣವೂ ಉಂಟು: ಹಿಂದೊಮ್ಮೆ ಅವರ ಪೀರಿಯಡ್ಡನ್ನು ಕಸಿಯಲು ಹೊರಟವಳು ನಾನೇ.

ಸೇವೆಗೆ ಸೇರಿದ ಮೊದಲ ವರ್ಷವೇ ಅವರು ಒಂದು ಪದ್ಧತಿ ಹಾಕಿಕೊಂಡರು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ಪೆನ್ಸಿಲನ್ನು ಕೆಳಗಿಟ್ಟು, ಒಂದೇ ಚಿತ್ರದೆದುರು ಗಂಟೆ ಹೊಡೆಯುವವರೆಗೆ ಕೂರಬೇಕು, ಅಷ್ಟೆ. ಪ್ರಶ್ನೆಯಿಲ್ಲ, ಅಂಕವಿಲ್ಲ. ತರಗತಿಯಲ್ಲಿ ಬಾಯಿಯೇ ಬಿಡದ ಝಹ್ರಾ ಎಂಬ ಹುಡುಗಿ ನಾಲ್ಕನೆಯ ಶುಕ್ರವಾರ ಎದ್ದುನಿಂತು, ಚಿತ್ರದಲ್ಲಿದ್ದ ಮುದುಕಿಯನ್ನು ತೋರಿಸಿ, "ಸರ್, ಈ ಅಜ್ಜಿಗೆ ಕಾಲುನೋವು ಉಂಟು" ಎಂದಳು. ಆ ಒಂದು ಮಾತಿಗಾಗಿ ತಿಂಗಳಿಡೀ ತಾಳ್ಮೆಯಿಂದ ಕಾದವರು ಅವರು. ನಂತೂರು ವೃತ್ತದ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಾಗ ನಾವೆಲ್ಲ ವಾಚು ನೋಡಿ ಗೊಣಗಿದರೆ, ಅವರು ಕಿಟಕಿಗೆ ಮುಖವಿಟ್ಟು ಲಾರಿಗಳ ಹಿಂದೆ ಬರೆದ ಹೂವು, ಹಕ್ಕಿಗಳನ್ನು ನೋಡುತ್ತಿದ್ದರು. ಎಂತಹ ಪುರುಸೊತ್ತಿನ ಮನುಷ್ಯನಪ್ಪಾ ಎಂದು ನನಗೆ ಸಿಟ್ಟು ಬರುತ್ತಿತ್ತು!

ಆ ಸಿಟ್ಟಿನಲ್ಲೇ, ಹತ್ತನೆಯ ತರಗತಿಯ ಗಣಿತದ ಫಲಿತಾಂಶ ಕುಸಿದ ವರ್ಷ, ಸುಮ್ಮನೆ ಕೂರುವ ಆ ಪೀರಿಯಡ್ಡನ್ನು ನನಗೆ ಕೊಡಿ ಎಂದು ಅಂದಿನ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದೆ. ಅವರು ಒಪ್ಪಿಯೂ ಬಿಟ್ಟರು. ಸುದ್ದಿ ತಿಳಿದ ರೈ ಮಾಸ್ಟ್ರು ಜಗಳವಾಡಲಿಲ್ಲ, ಸ್ಟಾಫ್ ರೂಮಿಗೆ ಬಂದು ಕೇಳಿದರು, "ನಳಿನಾಕ್ಷಿ ಟೀಚರ್, ಹೊರಗೆ ಗೋಡೆಯಲ್ಲಿ ದಕ್ಕೆಯ ಚಿತ್ರ ಉಂಟಲ್ಲ, ಅದರಲ್ಲಿ ಎಂತ ಉಂಟು?"

ಮೀನುದೋಣಿಗಳು ಬಂದು ನಿಲ್ಲುವ ದಕ್ಕೆಯ ಆ ದೊಡ್ಡ ಚಿತ್ರ ಹಳೆವಿದ್ಯಾರ್ಥಿಯೊಬ್ಬ ಕೊಟ್ಟದ್ದು. ಹನ್ನೊಂದು ವರ್ಷ ಅದರ ಮುಂದೆಯೇ ಓಡಾಡಿದವಳು ನಾನು. "ಎಂತ ಮಾಸ್ಟ್ರೇ, ದೋಣಿ, ಮೀನು, ಮೀನು ಮಾರುವ ಹೆಂಗಸರು" ಎಂದೆ.

"ದೋಣಿ ಉಂಟಾ? ಒಮ್ಮೆ ಹೋಗಿ ಕೂತು ನೋಡಿ ಮಾರಾಯ್ರೆ. ಆಮೇಲೆ ಪೀರಿಯಡ್ ನೀವೇ ತಗೊಳ್ಳಿ."

ಹೋಗಿ ಕೂತೆ. ದೋಣಿಯಿರಲಿಲ್ಲ. ಮೀನೂ ಇರಲಿಲ್ಲ. ಖಾಲಿ ಬುಟ್ಟಿಗಳನ್ನು ಮಗ್ಗುಲಲ್ಲಿಟ್ಟುಕೊಂಡು ಹೆಂಗಸರೆಲ್ಲ ಕಡಲ ಕಡೆ ನೋಡುತ್ತಿದ್ದರು. ಅವರಲ್ಲೊಬ್ಬಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕುಳಿತಿದ್ದಳು. ನನ್ನ ಅಮ್ಮ ಹೀಗೇ ಸುತ್ತಿಕೊಳ್ಳುತ್ತಿದ್ದರು. ಅದೇ ದಕ್ಕೆಯಿಂದ ಬುಟ್ಟಿ ಹೊತ್ತು, ಮನೆಮನೆಗೆ ಮೀನು ಮಾರಿ ನನ್ನನ್ನು ಓದಿಸಿದ ಅಮ್ಮ! ಕಣ್ಣು ತುಂಬಿ ಬಂತು. ಇಷ್ಟು ವರ್ಷ ನೋಡದೆ ಹೋದೆನಲ್ಲ ಎಂದು ನಾಚಿಕೆಯೂ ಆಯಿತು. ಗಂಟೆ ಹೊಡೆದದ್ದು ಕೇಳಲಿಲ್ಲ. ನನ್ನ ಮುಂದಿನ ಕ್ಲಾಸಿಗೆ ಮಾಸ್ಟ್ರು ತಾವೇ ಹೋದರು. ಮರುದಿನ ನಾನು ಅರ್ಜಿಯನ್ನು ಹಿಂದಕ್ಕೆ ಪಡೆದೆ.

ಈಗ ನಾನೇ ಮುಖ್ಯೋಪಾಧ್ಯಾಯಿನಿ. ಮಾಸ್ಟ್ರ ಹುದ್ದೆಗೆ ಇನ್ನೂ ಯಾರನ್ನೂ ನೇಮಿಸಿಲ್ಲ. ಆ ಪೀರಿಯಡ್ ಗಣಿತಕ್ಕೆ ಸಿಗಬಹುದಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದಾರೆ. ಮುಂದಿನ ವರ್ಷದ ಟೈಮ್ ಟೇಬಲ್ಲಿನಲ್ಲಿ ಶುಕ್ರವಾರದ ಕೊನೆಗೆ "ಚಿತ್ರ ನೋಡುವುದು" ಎಂದು ಬರೆದು, ಶಿಕ್ಷಕರ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿದ್ದೇನೆ. ಮಾಸ್ಟ್ರಿಗೂ ಅವರ ಮಡದಿ ಕುಶಲಕ್ಕನಿಗೂ ದೇವರು ನೂರು ವರ್ಷ ಆಯುಷ್ಯವನ್ನೂ ಕಣ್ಣಿಗೆ ಬೆಳಕನ್ನೂ ಕೊಡಲಿ. ನಿವೃತ್ತಿಯೆಂದು ಮನೆಯಲ್ಲೇ ಕೂತರೆ ನಾವು ಬಿಡುವುದಿಲ್ಲ. ದಕ್ಕೆಯ ಆ ಚಿತ್ರದೆದುರು ಅವರಿಗಾಗಿ ಒಂದು ಕುರ್ಚಿ ಯಾವಾಗಲೂ ಇರುತ್ತದೆ. ಶುಕ್ರವಾರ ಬನ್ನಿ ಮಾಸ್ಟ್ರೇ. ದೋಣಿ ಇನ್ನೂ ಬಂದಿಲ್ಲ.