ಮೆಟ್ಟಿಲ ಮೇಲಿನ ಗಾಜು

ಗಾರೆ ಕೆಲಸದ ಸಿದರಾಯ ಗೌಂಡಿ ನೆಲ-ಗೋಡೆಗಳ ಬಿರುಕಿನ ಬಗ್ಗೆ ಹೇಳಿದ ಮಾತು ಒಂದು ಸಲವೂ ಸುಳ್ಳಾಗಲಿಲ್ಲ ಎಂದು ತಿಕೋಟಾದಲ್ಲಿ ಈಗಲೂ ಹೇಳುತ್ತಾರೆ. ಯಾರು ಲೆಕ್ಕ ಇಟ್ಟಿದ್ದಾರೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಮೊದಲು ಕಲಿತದ್ದೇ ಇದು: ‘ಒಂದು ಸಲವೂ’ ಎಂಬ ಮಾತು ಕಿವಿಗೆ ಬಿದ್ದರೆ ಅಲ್ಲಿಗೇ ಕೈ ಹಾಕಬೇಕು. ಎದುರಿಗೆ ಒಂದೇ ಉದಾಹರಣೆ ಇಟ್ಟರೆ ಸಾಕು, ಇಡೀ ವಾದ ಕುಸಿಯುತ್ತದೆ. ನನ್ನ ಹತ್ತಿರ ಅಂಥದೊಂದು ಉದಾಹರಣೆ ಇದೆ. ಅದು ಯಾರ ಪರವಾಗಿದೆ ಎಂಬುದೇ ನನಗೆ ತಿಳಿಯುತ್ತಿಲ್ಲ.

ಅವರು ಕಾಂಕ್ರೀಟನ್ನು ನೋಡುವುದಕ್ಕಿಂತ ಕೇಳುತ್ತಿದ್ದುದೇ ಹೆಚ್ಚು. ಸಿಮೆಂಟು ಬಳಿಯುವ ಥಾಪಿಯನ್ನು ತಿರುವಿ ಹಿಡಿದು, ಅದರ ಕಟ್ಟಿಗೆಯ ಹಿಡಿಕೆಯಿಂದ ಬಡಿದು, ನೆಲಕ್ಕೆ ಕಿವಿ ಹಚ್ಚಿ ಕಣ್ಣು ಮುಚ್ಚಿಬಿಡುವರು. ಬಬಲೇಶ್ವರದ ನಮ್ಮ ಸೋದರಮಾವ ಹೊಸದಾಗಿ ಹಾಕಿಸಿದ ಅಂಗಳದಲ್ಲಿ ಒಂದು ಗೆರೆಯೂ ಮೂಡಿರಲಿಲ್ಲ. ಇವರು ಬಡಿದು ಕೇಳಿ, “ಸಾವ್ಕಾರ್ರ, ಇದನ್ನ ಪೂರಾ ಒಡಸ್ರಿ” ಎಂದರು.

“ತಲಿ ನೆಟ್ಟಗೈತೇನೋ ನಿಂದು? ಮೊನ್ನಿ ಮೊನ್ನಿ ಹಾಕಿಸೇನಿ!”

“ನನ್ನ ತಲಿ ನೆಟ್ಟಗೈತ್ರಿ. ನಿಮ್ಮ ಅಂಗಳದ ಹೊಟ್ಟ್ಯಾಗ ಏನೂ ಇಲ್ಲ.”

ಮಾವ ಸಿಟ್ಟಿನಿಂದಲೇ ಒಂದು ಮೂಲೆ ಒಡೆಸಿದ. ಕೆಳಗಿನ ಎರೆಮಣ್ಣು ಬೇಸಿಗೆಗೆ ಕುಗ್ಗಿ, ಬೆಕ್ಕು ನುಸುಳುವಷ್ಟು ಪೊಳ್ಳಾಗಿತ್ತು. ಅಂದಿನಿಂದ ಮಾವ ಅವರ ಭಕ್ತ. ಇದು ನಾನೇ ಕಂಡದ್ದು, ಅಲ್ಲಗಳೆಯಲಾರೆ.

ಜಲನಗರದ ನಮ್ಮ ಮನೆಗೆ ಅವರನ್ನು ಕಳಿಸಿದ್ದೂ ಮಾವನೇ. ನಮ್ಮ ಮುಂಬಾಗಿಲ ಮೆಟ್ಟಿಲು ನಡುವೆ ಸೀಳಿತ್ತು. ತೇಪೆ ಹಾಕಿಸುವುದೋ, ಒಡೆದು ಹೊಸದು ಕಟ್ಟಿಸುವುದೋ? ಇದು ಮೆಟ್ಟಿಲಿಗಿಂತ ಹೆಚ್ಚಾಗಿ ಆಯಿಯ, ಅಂದರೆ ನನ್ನ ಅಜ್ಜಿಯ ಪ್ರಶ್ನೆಯಾಗಿತ್ತು. ಸೊಂಟದ ಎಲುಬು ಮುರಿದು, ಆಪರೇಷನ್ ಆಗಿ, ಆಯಿ ಆಗಷ್ಟೇ ಮತ್ತೆ ನಡೆಯಲು ಕಲಿಯುತ್ತಿದ್ದಳು. ದಿನಕ್ಕೆರಡು ಸಲ ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿ ಬರಬೇಕೆಂದು ಡಾಕ್ಟರು ಹೇಳಿದ್ದರು. ಒಡೆದರೆ, ಹೊಸದು ಕಟ್ಟಿ ಗಟ್ಟಿಯಾಗುವವರೆಗೆ ವಾರಗಟ್ಟಲೆ ಅವಳು ಒಳಗೇ ಉಳಿದು, ಬಂದ ಶಕ್ತಿಯೂ ಹೋದೀತು. ಒಡೆಯದೆ ಬಿಟ್ಟು ಮೆಟ್ಟಿಲು ಕುಸಿದರೆ ಮತ್ತೆ ಆಸ್ಪತ್ರೆ.

ಒಡೆಯುವುದೇ ಸರಿ ಎಂದು ನಾನು ಮೂರು ಕಾರಣ ಕೊಟ್ಟೆ. ಗೌಂಡಿ ಪೂರ್ತಿ ಕೇಳಿಸಿಕೊಂಡರು.

“ಯವ್ವಾ, ನಿನ್ನ ವಾದ ಬರೋಬ್ಬರಿ ಐತಿ. ಆದ್ರ ಬಿರುಕಿಗೂ ಒಂದ್ ಮಾತ ಕೇಳೂಣಲ್ಲ? ಸತ್ತ ಬಿರುಕಿದ್ರ ತೇಪಿ ಸಾಕು. ಜೀವಂತ ಇದ್ರ ಒಡೀಬೇಕು.”

ಚೀಲದಿಂದ ಬೆರಳುದ್ದದ ಗಾಜಿನ ಪಟ್ಟಿಯೊಂದನ್ನು ತೆಗೆದು, ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿದರು. “ಒಂದ್ ಮಳಿಗಾಲ ಕಾಯೂಣು. ಗಾಜು ಸೀಳಿದ್ರ, ನೆಲ ಇನ್ನೂ ಸರದಾಡಾಕತ್ತೈತಿ ಅಂತ ತಿಳೀರಿ. ನಾನ ಸುತ್ತಿಗಿ ತರತೇನಿ.”

“ಅಷ್ಟರಾಗ ಆಯಿ ಬಿದ್ರ?”

“ಬೀಳಾಕ ನಾ ಏನ್ ಕೂಸೇನ?” ಒಳಗಿನಿಂದ ಆಯಿ ಕೂಗಿದಳು. “ನೀ ಹಚ್ಚೋ ಗೌಂಡಿ. ಆಕಿ ಮಾತಿಗೆ ಗಟ್ಟಿ ಗ್ವಾಡಿನೂ ಬಿರಿತಾವ.”

ಗೌಂಡಿ ನಕ್ಕು, ಆಯಿ ಹಿಡಿದು ಇಳಿಯಲೆಂದು ಪಕ್ಕದಲ್ಲಿ ಒಂದು ಕಬ್ಬಿಣದ ಪೈಪು ನಿಲ್ಲಿಸಿ ಹೋದರು.

ಆಮೇಲೆ ಪ್ರತಿ ಸೋಮವಾರ ತಿಕೋಟಾ ಬಸ್ಸಿಳಿದು ಬರುವರು, ಗಾಜು ನೋಡುವರು, ಆಯಿಯ ಜೊತೆ ಚಹಾ ಕುಡಿಯುವರು. ಮಳೆಗಾಲ ಮುಗಿಯಿತು. ಮೇಲೆಲ್ಲ ಕೆಸರು ಮೆತ್ತಿದ್ದರೂ ಗಾಜು ಇಡಿಯಾಗಿಯೇ ಇತ್ತು. “ಸತ್ತೈತಿ” ಎಂದು ತೀರ್ಪು ಕೊಟ್ಟು, ಗಾಜಿನ ಮೇಲೆಯೇ ತೇಪೆ ಎಳೆದರು. ಅಷ್ಟರಲ್ಲಿ ಆಯಿ ಕೋಲಿಲ್ಲದೆ ನಡೆಯುತ್ತಿದ್ದಳು. ನಾನು ಸೋಲೊಪ್ಪಿಕೊಂಡೆ.

ವಿಚಿತ್ರವೆಂದರೆ, ಕೆಲಸ ಮುಗಿದ ಮೇಲೂ ಅವರ ಸೋಮವಾರಗಳು ನಿಲ್ಲಲಿಲ್ಲ. ಎರಡು ವರ್ಷ ಬಂದರು. ಬಂದವರು ಮೆಟ್ಟಿಲಿಗೆ ಕಿವಿ ಹಚ್ಚದೆ ಒಳಗೆ ಬರುತ್ತಿರಲಿಲ್ಲ. “ಚಹಾದ ಚಟ ನೋಡ್ರಿ” ಎಂದು ನಾನು ಚೇಷ್ಟೆ ಮಾಡಿದರೆ, “ಹೌದ ಯವ್ವಾ, ನಿಮ್ಮಾಯಿ ಶುಂಠಿ ಛಲೋ ಹಾಕ್ತಾಳ” ಎನ್ನುವರು.

ಕಳೆದ ಚಳಿಗಾಲ ಅವರು ತೀರಿಕೊಂಡರು. ಎದೆ ಹಿಡಿದು ಕುಳಿತವರು ಏಳಲಿಲ್ಲವಂತೆ. ‘ಒಂದು ಸಲವೂ’ ಎಂಬ ಮಾತನ್ನು ತಿಕೋಟಾದ ಅವರ ಮನೆಯ ಮುಂದೆ ಎಷ್ಟು ಬಾಯಲ್ಲಿ ಕೇಳಿದೆನೋ.

ಈ ಬೇಸಿಗೆಯಲ್ಲಿ ಅದೇ ಮೆಟ್ಟಿಲು ಬಾಯಿ ತೆರೆಯಿತು. ಬೇರೆ ಗೌಂಡಿ ಬಂದು ಒಡೆದ. ತೇಪೆಯ ಅಡಿಯಲ್ಲಿ ಸಿಕ್ಕ ಗಾಜಿಗೆ ಹೂವಿನ ಅಚ್ಚಿತ್ತು. ಅದು ನಮ್ಮದೇ ಬಚ್ಚಲ ಕಿಟಕಿಯ ಹಳೆಯ ಗಾಜು. ಅದರ ಚೂರುಗಳನ್ನು ಆಯಿ ಅಡುಗೆಮನೆಯ ಅಟ್ಟದ ಮೇಲೆ ಡಬ್ಬಿಯಲ್ಲಿಟ್ಟಿದ್ದಳು; ಅವಳಿಗೆ ತಿಳಿಯದೆ ಅದು ಹೊರಗಿನವರ ಕೈಗೆ ಸಿಗುವಂಥದಲ್ಲ. ಸಿದರಾಯ ಗೌಂಡಿ ನನ್ನೆದುರು ಹಚ್ಚಿದ್ದು ಬರೀ ಸಾದಾ ಗಾಜು. ಅದೂ ಸಿಕ್ಕಿತು, ಇನ್ನೂ ಕೆಳಗೆ, ಹಳೆಯ ಸಿಮೆಂಟಿನಲ್ಲಿ. ನಡುವೆ ಸರಿಯಾಗಿ ಎರಡಾಗಿತ್ತು.

ಹಾಗಾದರೆ ಮೊದಲ ಗಾಜು ಆ ಮಳೆಗಾಲದಲ್ಲೇ ಸೀಳಿತ್ತು, ಅದನ್ನು ಮುಚ್ಚಿ ಇನ್ನೊಂದು ಹಚ್ಚಿದ್ದರು; ಬಿರುಕು ಜೀವಂತವಿತ್ತು. ಅವರಿಗದು ಗೊತ್ತಿತ್ತು. ಗೊತ್ತಿದ್ದೂ ಸತ್ತಿದೆ ಎಂದರು. ಅದು ಸುಳ್ಳು, ಅಪಾಯದ ಸುಳ್ಳು. ವಾದ ನಾನು ಗೆದ್ದೆ. ಆದರೆ ನನ್ನ ಮಾತು ನಡೆದಿದ್ದರೆ ಆಯಿ ಇವತ್ತು ನಡೆಯುತ್ತಿದ್ದಳೇ? ಮತ್ತೆ ಆ ಎರಡು ವರ್ಷದ ಸೋಮವಾರಗಳನ್ನು ಯಾವ ಪಕ್ಷಕ್ಕೆ ಸೇರಿಸಲಿ? ಎರಡೂ ಕಡೆಯಿಂದ ವಾದಿಸಿ ನೋಡಿದೆ. ಎರಡೂ ಕಡೆ ಗೆಲ್ಲುತ್ತೇನೆ. ಹಾಗಾಗಬಾರದು.

ನಿನ್ನೆ ಸೋಮವಾರ. ಶುಂಠಿ ಜಜ್ಜುತ್ತಿದ್ದ ಆಯಿಯ ಮುಂದೆ ಎರಡೂ ಗಾಜು ಇಟ್ಟೆ. ಅವಳು ನೋಡಿದಳು. ಜಜ್ಜುವ ಕೈ ನಿಂತಿತು.

“ಆಯಿ, ಈ ಹೂವಿನ ಗಾಜು ಅವರ ಕೇಳಿದ್ರೋ, ನೀನ ಕೊಟ್ಟಿಯೋ?”