ಆಚೆ ದಡದಲ್ಲಿ ಒಗೆದ ಬಟ್ಟೆ

ಉತ್ತರದ ಹಿಮನಾಡಿನ ಹಾರ್ವಾಕ್ತೂಕ್ ನದಿಯ ಆಚೆ ದಡವನ್ನು ಯಾರೂ ತುಳಿಯುವುದಿಲ್ಲ. ಬೇಸಿಗೆ ಮುಗಿಯುತ್ತಲೇ ಹಿಮಸಾರಂಗಗಳು ನೀರಿಗಿಳಿಯುವುದು ಅಲ್ಲಿಂದಲೇ. ಈಜಿ ಬರುವ ಅವನ್ನು ಊರವರು ದೋಣಿಗಳಿಂದ ಬೇಟೆಯಾಡುತ್ತಾರೆ. ಆ ದಡಕ್ಕೆ ಮನುಷ್ಯರ ವಾಸನೆ ಸೋಕಬಾರದು. ಎಳೆಯ ಸೊಸೆ ಹಾಕ್ಪಿಗೆ ಇದು ಗೊತ್ತಿರಲಿಲ್ಲ. ಆರನೆಯ ವಯಸ್ಸಿಗೇ ಸರ್ಕಾರದವರು ಅವಳನ್ನು ವಿಮಾನ ಹತ್ತಿಸಿ ದೂರದ ಶಾಲೆಗೆ ಒಯ್ದಿದ್ದರು. ಮರಳಿದಾಗ ಮನೆಮಾತೇ ಅರ್ಧ ಮರೆತಿತ್ತು, ನದಿಯ ನೇಮ ಎಲ್ಲಿಂದ ಬರಬೇಕು?

ಅವಳ ಕೂಸಿನ ತೊಡೆಯೆಲ್ಲ ಕೆಂಪಾಗಿ ಗುಳ್ಳೆ ಎದ್ದಿತ್ತು. ಈಚೆ ದಡದ ನೀರಲ್ಲಿ ಮೀನಿನ ಕರುಳು ತೇಲುತ್ತದೆಂದು, ಯಾರಿಗೂ ಹೇಳದೆ ದೋಣಿಯಲ್ಲಿ ಆಚೆಗೆ ಹೋಗಿ, ಅದರ ಬಟ್ಟೆಗಳನ್ನು ಸೋಪು ಹಾಕಿ ಒಗೆದು, ಬಂಡೆಗಳ ಮೇಲೆ ಒಣಗಿಸಿ ತಂದಳು.

ಮರುದಿನ ಹಿಂಡು ಬಂತು. ಎಲ್ಲಕ್ಕೂ ಮುಂದಿದ್ದ ಸಾರಂಗ ನೀರಿನಂಚಿಗೆ ಬಂದು ಮೂಸಿತು, ನಿಂತಿತು, ತಿರುಗಿತು. ಅದರ ಹಿಂದೆ ನೂರಾರು ಕೊಂಬುಗಳು ಗುಡ್ಡದಾಚೆ ಮರೆಯಾದವು. ಚಳಿಗಾಲದ ಮಾಂಸ ಕಣ್ಣೆದುರೇ ನಡೆದುಹೋಯಿತು.

"ಯಾರಾದ್ರೂ ಆಚೆ ಕಾಲಿಟ್ಟಿದ್ರಾ?" ಎಂದು ಗಂಡ ಕೇಳಿದಾಗಲೇ ಅವಳಿಗೆ ಹೊಳೆದದ್ದು. ಒಗೆದ ಬಟ್ಟೆಗಳನ್ನು ಮೆಲ್ಲನೆ ಕೂಸಿನ ಹೊದಿಕೆಯಡಿ ಸರಿಸಿದಳು.

"ತಪ್ಪು ನಂದೇ ಕಣೋ," ಎಂದಳು ಅತ್ತೆ ನುತಾರಾ. "ಈ ಸಲ ದೋಣಿ ಮುಳುಗೋಷ್ಟು ಮಾಂಸ ಅಂತ ಜಂಬ ಕೊಚ್ಕೊಂಡೆ. ಸಾರಂಗಗಳಿಗೆ ಅದು ಕೇಳಿಸ್ತು, ಮುನಿಸ್ಕೊಂಡ್ವು."

ಅಂದಿನಿಂದ ಆ ತಪ್ಪಿಗೆಂದು ತನ್ನ ಪಾಲಿನ ಮೀನನ್ನೆಲ್ಲ ಸೊಸೆಯ ತಟ್ಟೆಗೇ ಹಾಕತೊಡಗಿದಳು. "ನಮ್ಮಪ್ಪನಿಗೆ ಹಾಲು ಬೇಡ್ವಾ? ತಿನ್ನೇ." ಕೂಸಿಗೆ ನುತಾರಾಳ ಸತ್ತ ತಂದೆಯ ಹೆಸರಿಟ್ಟಿದ್ದರು, ಹಾಗಾಗಿ ಅದು ಅವಳಿಗೆ ಅಪ್ಪನೇ.

ಮೂರು ದಿನ ಹಾಕ್ಪಿ ಆ ಮೀನು ತಿಂದಳು. ನಾಲ್ಕನೆಯ ದಿನ ತಟ್ಟೆ ಕೈಯಲ್ಲೇ ಹಿಡಿದು ಅತ್ತೆಯ ಎದುರು ಕೂತಳು.

"ಅತ್ತೆ, ಆಚೆ ಹೋಗಿ ಬಟ್ಟೆ ಒಗ್ದಿದ್ದು ನಾನು."

"ಸೋಪು ಬೇರೆ ಹಾಕಿದ್ಯಾ?"

"ಹೂಂ."

"ಅಯ್ಯೋ ಹುಚ್ಚಿ! ಮೂರು ದಿನ ನನ್ನ ಹೊಟ್ಟೆ ಒಣಗಿಸಿದ್ಯಲ್ಲೇ!" ಮುದುಕಿ ತಟ್ಟೆ ಕಿತ್ತುಕೊಂಡು ಮೀನಿನ ತಲೆಯನ್ನು ಚೀಪತೊಡಗಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ನಿಂಗೆ ಹೇಳೋರು ಯಾರಿದ್ರು? ನಾನಾದ್ರೂ ಹೇಳ್ಬೇಕಿತ್ತು," ಎಂದಳು.

ಬೈಗುಳ ಅಷ್ಟಕ್ಕೇ ಮುಗಿಯಿತು. ಇನ್ನಷ್ಟು ಬೈದಿದ್ದರೆ ಹಾಕ್ಪಿಯ ಎದೆ ಹಗುರಾಗುತ್ತಿತ್ತೇನೋ. ಆ ಚಳಿಗಾಲವಿಡೀ ಮನೆಮಂದಿ ಮೀನಿನಲ್ಲೇ ದಿನ ದೂಡಿದರು. ನುತಾರಾಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು.

ಈಗ ಹಾಕ್ಪಿಗೇ ಮೊಮ್ಮಕ್ಕಳು. ಸಾರಂಗಗಳ ಕಾಲ ಬಂದರೆ ಹಗಲೆಲ್ಲ ದೋಣಿಗಳ ಬಳಿ ಕೂತು ಕಾವಲು ಕಾಯುತ್ತಾಳೆ. "ಅಜ್ಜಿ, ನಿಮ್ಮನ್ನ ಕಂಡ್ರೆ ಸಾರಂಗಗಳೇ ಹೆದರ್ತವೆ," ಎಂದು ಹುಡುಗಿಯರು ಛೇಡಿಸುತ್ತಾರೆ. ಊರಿಗೆ ಹೊಸ ಸೊಸೆ ಬಂದರೆ ಕೈಹಿಡಿದು ಕರೆತಂದು ಆಚೆ ದಡ ತೋರಿಸುತ್ತಾಳೆ. ತನ್ನ ಸೋಪಿನ ಕಥೆಯನ್ನು ನಗುನಗುತ್ತಲೇ ಹೇಳುತ್ತಾಳೆ.

ಆ ಮೂರು ದಿನದ ಮೀನಿನ ಸಂಗತಿಯನ್ನು ಮಾತ್ರ ಇಂದಿಗೂ ಯಾರಿಗೂ ಹೇಳಿಲ್ಲ.