ಮೂರು ಕೂಗಿನ ಗತ್ತು

ಬೂದಿಕೋಟೆಯ ಆದಿಲಕ್ಷ್ಮಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ಅವಳ ಹಸುಗಳಿಗೆ. ಕೆಚ್ಚಲಿಗೆ ಕೈ ಹಾಕಿದ ಕೂಡಲೇ ಕಾಲು ಝಾಡಿಸುತ್ತವೆ. ಹೋದ ವರ್ಷದಿಂದ ಈಚೆಗೆ ಆ ಎರಡು ಹಸುಗಳು ನೆಮ್ಮದಿಯಾಗಿ ಹಾಲು ಕೊಟ್ಟ ದಿನವೇ ಇಲ್ಲ. ಡೇರಿಯಲ್ಲಿ ಹಾಲು ಅಳೆಯುವವನು ಮೇವು ಬದಲಾಯಿಸಕ್ಕ ಎಂದು ಬುದ್ಧಿ ಹೇಳಿದ. ಮೇವಿನ ತಪ್ಪೇನೂ ಇರಲಿಲ್ಲ. ತಪ್ಪು ಬಂಗಾರಪೇಟೆಯ ಸುಧಾಕರನದು, ಅದನ್ನು ಹಸುವಿಗೆ ಬಿಡಿಸಿ ಹೇಳುವುದು ಕಷ್ಟ.

ನಲವತ್ತಾರು ವರ್ಷದ ಈ ಹೆಂಗಸು ತಮಟೆ ಬಾರಿಸುವವಳು. ಅವಳಪ್ಪ ಆಂಜನಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಇದ್ದೊಬ್ಬ ಮಗಳು ಏಳನೇ ವಯಸ್ಸಿಗೇ ಅಪ್ಪನ ಕೋಲು ಕದ್ದು ಮೊರದ ಮೇಲೆ ಬಡಿಯುತ್ತಿದ್ದಳು. ಬೈದು ಬೈದು ಸಾಕಾಗಿ ಆಂಜನಪ್ಪ ತಾನೇ ಕೂರಿಸಿಕೊಂಡು ಕಲಿಸಿದ. ಹೆಣ್ಣು ತಮಟೆ ಹಿಡಿದರೆ ಊರು ಏನನ್ನುತ್ತದೆ ಎಂದವರಿಗೆ, ಊರು ನನ್ನ ತಮಟೆಗೆ ಕುಣಿಯುತ್ತಿರುತ್ತದೆ, ಮಾತಾಡಲು ಅದಕ್ಕೆ ಪುರುಸೊತ್ತೆಲ್ಲಿ ಎನ್ನುತ್ತಿದ್ದ. ಈಗ ಆದಿಲಕ್ಷ್ಮಿಯ ಜೊತೆ ಇನ್ನೂ ಮೂವರು ಹೆಂಗಸರು ಬಾರಿಸುತ್ತಾರೆ. ಅವರಲ್ಲಿ ಹಿರಿಯಳು ಅವಳ ಚಿಕ್ಕಮ್ಮ ಗಂಗರತ್ನಮ್ಮ.

ಆಂಜನಪ್ಪ ಕೆಜಿಎಫ್‌ನ ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಇಪ್ಪತ್ತೆಂಟು ವರ್ಷ ನೆಲದೊಳಗೆ ದುಡಿದವನು. ಗಣಿ ಮುಚ್ಚಿದ ವರ್ಷ ಊರಿಗೆ ಬಂದು, ಆರು ತಿಂಗಳು ಯಾರೊಂದಿಗೂ ಸರಿಯಾಗಿ ಮಾತಾಡದೆ, ಒಂದು ಗತ್ತು ಕಟ್ಟಿದ. ಏಟುಗಳನ್ನು ಒಂದು ಲೆಕ್ಕಕ್ಕೆ ಜೋಡಿಸಿದ್ದನ್ನು ತಮಟೆಯವರು ಗತ್ತು ಎನ್ನುತ್ತಾರೆ. ಆಳುಗಳನ್ನು ತುಂಬಿಕೊಂಡ ಕೇಜು, ಅಂದರೆ ಗಣಿಯ ಲಿಫ್ಟು, ಶಾಫ್ಟಿನ ಬಾವಿಯೊಳಗೆ ಇಳಿಯುವಾಗ ನಿಧಾನ, ಭಾರ. ತಳದಲ್ಲಿ ಬರೀ ಬೆರಳಿನ ಸದ್ದು. ಶಿಫ್ಟು ಮುಗಿದು ಮೇಲೆ ಬರುವಾಗ ಕೋಲು ಕಣ್ಣಿಗೆ ಕಾಣಿಸದಷ್ಟು ವೇಗ. ಅದಕ್ಕೆ ಅವನಿಟ್ಟ ಹೆಸರು ಕೇಜ್ ಗತ್ತು. ಅದನ್ನು ಕೇಳಿ ಕೆಜಿಎಫ್‌ನ ಉರಿಗಾಂ ಲೈನಿನ, ಗಣಿಯವರ ಸಾಲುಮನೆಗಳ ಮುದುಕರು ನಡುಬೀದಿಯಲ್ಲಿ ನಿಂತು ಅತ್ತದ್ದುಂಟು.

ಆ ಗತ್ತನ್ನು ಹುಡುಕಿಕೊಂಡೇ ಆರು ವರ್ಷದ ಹಿಂದೆ ಸುಧಾಕರ್ ಬಂದ. ಬಂಗಾರಪೇಟೆಯವನು, ಮೈಸೂರಿನ ಹಾಸ್ಟೆಲಿನಲ್ಲಿ ಓದಿ ಬಂದು ಕಲಾತಂಡ ಕಟ್ಟಿಕೊಂಡಿದ್ದವನು. ನಾಲ್ಕು ತಿಂಗಳು ಆಂಜನಪ್ಪನ ಜಗಲಿ ಬಿಟ್ಟು ಏಳಲಿಲ್ಲ. ಆದಿಲಕ್ಷ್ಮಿ ಹಾಕಿದ ಮುದ್ದೆ ಉಂಡ, ಅವರೆಕಾಳು ಸಾರಿಗೆ ಕೈ ನೆಕ್ಕಿದ, ಒಂದೊಂದೇ ಗತ್ತನ್ನು ಫೋನಿನಲ್ಲಿ ತುಂಬಿಕೊಂಡ. ಮದುವೆಯದು, ಮಾರಮ್ಮನದು, ಕೇಜ್ ಗತ್ತು, ಎಲ್ಲವನ್ನೂ ಮನಸಾರೆ ಕೊಟ್ಟ ಆಂಜನಪ್ಪ ಒಂದನ್ನು ಮಾತ್ರ ಕೊಡಲಿಲ್ಲ.

"ಮೂರು ಕೂಗಿಂದು ಮನೇಲಿ ಒಡೆಯೋದಲ್ಲ ಸಾರ್. ಎಣದ ಮುಂದೆ ನಡ್ಕೊಂಡೋಗಿ ಕಲೀಬೇಕು. ಮುಂದಿನ ಸಾವಿಗೆ ಬನ್ನಿ, ಪಕ್ಕದಲ್ಲೇ ನಿಲ್ಲುಸ್ಕೊಂಡು ತೋರುಸ್ತೀನಿ."

"ಹೆಣ ನೋಡಿದರೆ ನನಗೆ ತಲೆ ತಿರುಗುತ್ತದೆ ಆಂಜನಪ್ಪನವರೇ," ಎಂದು ಸುಧಾಕರ್ ನಕ್ಕ. "ಅದೊಂದು ಬಿಟ್ಟುಬಿಡಿ."

ಬೂದಿಕೋಟೆ ಕಡೆ ಹೆಣ ಹೊತ್ತವರು ಸುಡುಗಾಡಿನ ಅರ್ಧ ದಾರಿಯಲ್ಲಿ ಚಟ್ಟ ಇಳಿಸುತ್ತಾರೆ. ಅಲ್ಲಿಯವರೆಗೆ ಹೆಂಗಸರೂ ಬರುತ್ತಾರೆ. ಎದ್ದು ಬಂದಾನೇನೋ ಎಂಬ ಕೊನೆಯ ಆಸೆಗೆ ಸತ್ತವನ ಹೆಸರು ಹಿಡಿದು ಮೂರು ಸಲ ಕೂಗುತ್ತಾರೆ. ಪ್ರತಿ ಕೂಗಿಗೂ ತಮಟೆಯವರು ಹೆಣದ ಕಡೆ ತಿರುಗಿ ನಾಲ್ಕು ಏಟು ಹೊಡೆದು, ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಗುತ್ತಾರೆ. ಆ ಮೌನ ಸತ್ತವನ ಉತ್ತರಕ್ಕೆ ಬಿಟ್ಟ ಜಾಗ. ಮೂರಕ್ಕೂ ಉತ್ತರ ಬರದಿದ್ದರೆ ಹೆಣಕ್ಕೆ ಎಡದಿಂದ ಒಂದು ಸುತ್ತು ಬಂದು ಮುಂದೆ ಸಾಗುತ್ತಾರೆ. ಅದನ್ನು ಅಭ್ಯಾಸಕ್ಕೆಂದು ಹೊಡೆಯುವಂತಿಲ್ಲ, ಫೋನಿನಲ್ಲಿ ಹಿಡಿಯುವ ಮಾತಂತೂ ಇಲ್ಲವೇ ಇಲ್ಲ. ಸುಧಾಕರ್ ಒಂದು ಸಾವಿಗೂ ಬರಲಿಲ್ಲ. ಬಂಗಾರಪೇಟೆಯಲ್ಲಿ ಈಗ ಹೆಣ ವ್ಯಾನಿನಲ್ಲಿ ಹೋಗುತ್ತದೆ, ಅದು ಅರ್ಧ ದಾರಿಯಲ್ಲಿ ಯಾರಿಗೋಸ್ಕರವೂ ನಿಲ್ಲುವುದಿಲ್ಲ.

ಹೋದ ವರ್ಷ ಆಂಜನಪ್ಪನ ಎದೆ ಕೆಟ್ಟಿತು. ಗಣಿಯ ಧೂಳು ಕುಡಿದ ಎದೆ, ಕೂತರೆ ಕೆಮ್ಮು, ಮಲಗಿದರೆ ಕೆಮ್ಮು. ಅದೇ ಹೊತ್ತಿಗೆ ಊರವರೊಬ್ಬರು ಒಂದು ವಿಡಿಯೊ ಕಳಿಸಿದರು. ಸುಧಾಕರನ ಶಿಷ್ಯರು ಬಣ್ಣದ ದೀಪದ ಕೆಳಗೆ ಕೇಜ್ ಗತ್ತು ಹೊಡೆಯುತ್ತಿದ್ದರು. ಅದರ ಹೆಸರು ಈಗ 'ಸುವರ್ಣ ಲಯ' ಎಂದಾಗಿತ್ತು. ಪರಿಕಲ್ಪನೆ, ಸಂಯೋಜನೆ ಎರಡೂ ಸುಧಾಕರ್. ಆಂಜನಪ್ಪ ಅದನ್ನು ಮೂರು ಸಲ ನೋಡಿದ.

"ನನ್ನೆಸ್ರು ಕೊನೇಲಿ ಬತ್ತದೇನೋ ನೋಡು ಮಗಾ," ಎಂದ.

ಆದಿಲಕ್ಷ್ಮಿ ಕೊನೆಯವರೆಗೂ ಫೋನು ಹಿಡಿದುಕೊಂಡು ಕಾದಳು. ದೀಪ ಹಾಕಿದವನ ಹೆಸರು ಬಂತು, ಊಟ ಬಡಿಸಿದವನ ಹೆಸರು ಬಂತು. ಅಪ್ಪನದು ಬರಲಿಲ್ಲ. ಇನ್ನೂ ಬರ್ತದಪ್ಪಾ, ಚಾರ್ಜು ಸಾಲದೆ ನಿಂತೋಯ್ತು ಎಂದು ಸುಳ್ಳು ಹೇಳಿದಳು. ಅವನು ನಂಬಿದಂತೆ ತಲೆಯಾಡಿಸಿದ. ಎಂಟನೇ ದಿನಕ್ಕೆ ತೀರಿಕೊಂಡ. ಗಂಡುಮಗ ಇಲ್ಲದ ಮನೆ, ಅರ್ಧ ದಾರಿಯಲ್ಲಿ ಅಪ್ಪನಿಗೆ ಮೂರು ಕೂಗಿನ ಗತ್ತನ್ನು ಅವಳೇ ಹೊಡೆದಳು. ಸುಧಾಕರ್ ಬರಲಿಲ್ಲ. ಕೈ ಮುಗಿದಿರುವ ಒಂದು ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸಿದ. ಉಂಡ ಮನೆಯ ಗಳ ಎಣಿಸುವವರನ್ನು ಅವಳು ಕಂಡಿದ್ದಳು, ಗಳವನ್ನೇ ಕಿತ್ತುಕೊಂಡು ಹೋಗಿ ತನ್ನ ಮನೆಗೆ ಹಾಕಿಕೊಂಡವನನ್ನು ಕಂಡದ್ದು ಅದೇ ಮೊದಲು. ಅವನ ಬಾಯಿಂದಲೇ ಅಪ್ಪನ ಹೆಸರು ಹೇಳಿಸದಿದ್ದರೆ ನಾನು ಆಂಜನಪ್ಪನ ಮಗಳಲ್ಲ ಎಂದು ಹಸುವಿನ ಮುಂದೆ ನಿಂತು ಆಣೆ ಇಟ್ಟಳು.

ಈ ವರ್ಷ ಉರಿಗಾಂ ಬೀದಿ ಹಬ್ಬ ಬಂತು. ಸುಧಾಕರನೇ ಮುಂದಾಳು. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಬೀದಿಯುದ್ದಕ್ಕೂ ಹಾಡು, ಬ್ಯಾಂಡು, ಕೀಲುಕುದುರೆ, ಹಳೆಯ ಗೋಡೆಗಳ ಮೇಲೆ ಚಿತ್ರ, ಮೈದಾನದಲ್ಲಿ ದೊಡ್ಡ ವೇದಿಕೆ. ಅವನ ಕಡೆಯವರು ಫೋನು ಮಾಡಿ ಕರೆದಾಗ ಆದಿಲಕ್ಷ್ಮಿ ಒಂದೇ ಮಾತಿಗೆ ಒಪ್ಪಿದಳು. ಬೂದಿಕೋಟೆಯಿಂದ ಬಸ್ಸು ತುಂಬ ಜನ ಬಂದರು, ಡೇರಿಯ ಹೆಂಗಸರೆಲ್ಲ ಬಂದರು. ಅವರಿಗೆಲ್ಲ ಆಂಜನಪ್ಪನ ಗತ್ತು ವೇದಿಕೆಯ ಮೇಲೆ ಕೇಳುವ ಆಸೆ.

ಗೇಟಿನ ಹತ್ತಿರ ಬ್ಯಾಂಡ್‌ಸೆಟ್ಟಿನ ಪೆರುಮಾಳ್ ಸಿಕ್ಕಿದ. ಅವನಪ್ಪನೂ ಆಂಜನಪ್ಪನೂ ಒಂದೇ ಕೇಜಿನಲ್ಲಿ ಇಳಿದವರು. ಅವನ ಕೈಯಲ್ಲಿ ಅಚ್ಚಾದ ಕಾರ್ಯಕ್ರಮ ಪಟ್ಟಿ ಇತ್ತು.

"ಅಯ್ಯೋ ಅಕ್ಕಾ, ನಿಮ್ಮುನ್ನ ಗೇಟಲ್ಲೇ ನಿಲ್ಲಿಸ್ಬುಟ್ಟವ್ರೆ ನೋಡು," ಎಂದ.

ಪಟ್ಟಿಯಲ್ಲಿ 'ಸ್ವಾಗತ: ಸ್ಥಳೀಯ ತಮಟೆ ತಂಡ' ಎಂದಿತ್ತು. ಹೆಸರಿಲ್ಲ, ಊರಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ 'ಸುವರ್ಣ ಲಯ, ಸಂಯೋಜನೆ ಸುಧಾಕರ್'. ಆದಿಲಕ್ಷ್ಮಿ ಪಟ್ಟಿಯನ್ನು ಮಡಿಸಿ ಪೆರುಮಾಳನ ಕೈಗೇ ಕೊಟ್ಟು ಸುಧಾಕರನನ್ನು ಹುಡುಕಿಕೊಂಡು ಹೋದಳು. ಅವನು ರೇಷ್ಮೆ ಜುಬ್ಬಾ ತೊಟ್ಟು ಬೆಂಗಳೂರಿನ ಅತಿಥಿಗೆ ಕಾಯುತ್ತಿದ್ದ.

"ಸಾರ್, ಅಪ್ಪನ ಎಸರು ಒಂದ್ಸಲ ಮೈಕಲ್ಲಿ ಅನ್ಬುಡಿ. ಗೇಟಲ್ಲೇ ಒಡೀತೀವಿ, ಮೆಟ್ಲು ಅತ್ತಲ್ಲ. ಅಷ್ಟು ಮಾಡಿ ಸಾಕು."

"ಜಾನಪದಕ್ಕೆ ಹೆಸರು ಇರುವುದಿಲ್ಲ ಆದಿಲಕ್ಷ್ಮಮ್ಮ. ಅದು ಎಲ್ಲರ ಸ್ವತ್ತು."

"ಎಲ್ಲಾರ್ದೂ ಅಂದ್ಮೇಲೆ ನಿಮ್ಮೆಸ್ರು ಯಾಕೆ ಸಾರ್ ಅಲ್ಲಿ?"

ಸುಧಾಕರ್ ಅವಳ ಹೆಗಲು ತಟ್ಟಿದ. "ಕಚ್ಚಾ ವಸ್ತು ಬೇರೆ, ಕಲೆ ಬೇರೆ. ನಿಮಗೆ ಅರ್ಥವಾಗುವುದಿಲ್ಲ ಬಿಡಿ. ಅತಿಥಿಗಳು ಬಂದ ಮೇಲೆ ನಮ್ಮನ್ನು ವೇದಿಕೆಯವರೆಗೆ ಚೆನ್ನಾಗಿ ಬಾರಿಸಿಕೊಂಡು ಬನ್ನಿ. ಹೊಸದೇನಾದರೂ ಇದ್ದರೆ ಹೊಡೀರಿ, ಕ್ಯಾಮೆರಾ ಇದೆ."

ಹೊಸದೇನಾದರೂ! ಇನ್ನೊಂದು ಸಿಕ್ಕರೆ ಅದನ್ನೂ ನುಂಗುವ ಬಾಯಿ ಅದು. ಅವನು ತಟ್ಟಿದ ಹೆಗಲನ್ನು ಆದಿಲಕ್ಷ್ಮಿ ಸೆರಗಿನಿಂದ ಒರೆಸಿಕೊಂಡಳು. ಬೇಲಿಯ ಪಕ್ಕ ಗಂಗರತ್ನಮ್ಮ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದಳು, ಕಾಯದ ಚರ್ಮ ನಾದ ಕೊಡುವುದಿಲ್ಲ. ಆದಿಲಕ್ಷ್ಮಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆಂಕಿಯನ್ನೇ ನೋಡಿದಳು.

"ಚಿಕ್ಕಮ್ಮಾ, ಮೂರು ಕೂಗಿಂದು ಒಡ್ಯಾನ."

ಗಂಗರತ್ನಮ್ಮನ ಕೈಯಿಂದ ಹುಲ್ಲು ಜಾರಿತು. "ಬದುಕಿರೋನ್ಗೇನೇ? ಕೈ ಬಿದ್ದೋಯ್ತದೆ ಕಣೇ!"

"ಬಿದ್ದೋಗ್ಲಿ. ಎರಡವೆ. ನಮ್ಮಪ್ಪನ್ನ ಅವ್ನು ಎಸರಿಲ್ದಂಗೆ ಊತಾಕವ್ನೆ. ಅವ್ನಿಗೆ ಎಸರಿಡ್ದು ಕೂಗಾನ ನಡಿ."

ಗಂಗರತ್ನಮ್ಮ ಜಾರಿದ ಹುಲ್ಲನ್ನು ಎತ್ತಿ ಬೆಂಕಿಗೆ ಹಾಕಿದಳು. ಆಂಜನಪ್ಪ ಅವಳಿಗೆ ಭಾವ, ಅವಳ ಮದುವೆಗೆ ನುಡಿದ ತಮಟೆ ಅವನದೇ. ಆಮೇಲೆ ತನ್ನ ತಮಟೆಯನ್ನು ಬೆಂಕಿಗೆ ಇನ್ನೊಂದು ಸುತ್ತು ತೋರಿಸಿ ಎದ್ದು ನಿಂತಳು.

ಅತಿಥಿ ಬಂದರು. ಆಶಾರಾಣಿ ಎಂದು ಹೆಸರು, ಬೆಂಗಳೂರಿನಲ್ಲಿ ಸಂಗೀತ ಕಲಿಸುವವರು. ಹಾರ ಹಾಕಿದ್ದಾಯಿತು. ನಾಲ್ವರು ಹೆಂಗಸರು ಮುಂದೆ, ಹಿಂದೆ ಸುಧಾಕರ್, ಅವನ ಪಕ್ಕ ಆಶಾರಾಣಿ. ಮೊದಲು ಮದುವೆಯ ಗತ್ತೇ ನಡೆಯಿತು, ಜನ ಸಿಳ್ಳೆ ಹಾಕಿದರು. ಮೈದಾನದ ಅರ್ಧಕ್ಕೆ ಬಂದಾಗ ಆದಿಲಕ್ಷ್ಮಿ ನಿಂತಳು. ನಾಲ್ಕೂ ತಮಟೆ ತಿರುಗಿ ಸುಧಾಕರನ ಎದುರಾದವು.

"ಸುಧಾಕರಣ್ಣೋ!"

ನಾಲ್ಕು ಏಟು. ಮೌನ. ಆದಿಲಕ್ಷ್ಮಿಗೆ ಹೆದರಿಕೆ ಇತ್ತು, ಆದರೆ ಹೆದರಿಕೆಗಿಂತ ಖುಷಿ ಹೆಚ್ಚಿತ್ತು. ವರ್ಷವಿಡೀ ಕೂಡಿಟ್ಟ ಸಿಟ್ಟು ಈಗ ಕೈಗೆ ಇಳಿದಿತ್ತು.

"ಸುಧಾಕರಣ್ಣೋ!"

ಸುಧಾಕರ್ ಮುಗುಳ್ನಕ್ಕು ಎರಡೂ ಕೈ ಮೇಲೆತ್ತಿ ಮುಗಿದ. ಹುಡುಗಿಯರು ಫೋನು ಎತ್ತಿ ಹಿಡಿದರು. ಕೆಜಿಎಫ್‌ನವರು, ಬೆಂಗಳೂರಿನವರು ಚಪ್ಪಾಳೆ ತಟ್ಟಿದರು. ಬೂದಿಕೋಟೆಯವರು ಕೂತಿದ್ದ ಮೂಲೆಯಲ್ಲಿ ಮಾತ್ರ ಚಪ್ಪಾಳೆ ಇಲ್ಲ, ಕೆಮ್ಮೂ ಇಲ್ಲ. ಒಬ್ಬ ಮುದುಕ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

ಮೂರನೇ ಕೂಗೂ ಆಯಿತು. ಹೆಂಗಸರು ಸುಧಾಕರನಿಗೆ ಎಡದಿಂದ ಒಂದು ಸುತ್ತು ಬಂದರು. ಅವನು ನಡುವೆ ನಿಂತು ಭುಜ ಕುಣಿಸಿದ. ತಮಟೆಯ ಮೇಲೆ ಲೇಖನ ಬರೆದವನು, ಊರೂರಲ್ಲಿ ಶಿಬಿರ ನಡೆಸಿದವನು, ತನ್ನ ಚಟ್ಟದ ಗತ್ತಿಗೆ ತಾನೇ ಹೆಜ್ಜೆ ಹಾಕಿದ.

ಅಷ್ಟಕ್ಕೇ ಮುಗಿದಿದ್ದರೆ ಅದು ಬೂದಿಕೋಟೆಯವರ ಗುಟ್ಟಾಗಿ ಉಳಿಯುತ್ತಿತ್ತು. ಆದರೆ ವೇದಿಕೆ ಹತ್ತಿದ ಆಶಾರಾಣಿ ಮೈಕು ಹಿಡಿದು, "ನಡುವೆ ನಿಂತು ಬಾರಿಸಿದರಲ್ಲ, ನನ್ನ ಮೈ ಜುಮ್ಮೆಂದಿತು. ಸುಧಾಕರ್ ಅವರೇ, ಅದು ಯಾವ ಗತ್ತು?" ಎಂದು ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು. ಕೆಳಗೆ ನಿಂತ ಆದಿಲಕ್ಷ್ಮಿಯನ್ನು ಕೇಳಿ ಎನ್ನಬಹುದಿತ್ತು. ಎರಡರಲ್ಲಿ ಒಂದು ಅಂದಿದ್ದರೂ ಅವನು ಬಚಾವಾಗುತ್ತಿದ್ದ. ಸುಧಾಕರ್ ಗಂಟಲು ಸರಿಮಾಡಿಕೊಂಡ.

"ಅದು ಗೌರವದ ಗತ್ತು ಮೇಡಂ. ಗಣ್ಯರನ್ನು ಬರಮಾಡಿಕೊಳ್ಳಲು ನಾನೇ ಕಟ್ಟಿದ್ದು. ಈ ಹೆಣ್ಣುಮಕ್ಕಳಿಗೆ ಕಲಿಸಿದ್ದೂ ನಾನೇ."

ಮೊದಲು ಡೇರಿಯ ಹೆಂಗಸೊಬ್ಬಳು ನಕ್ಕಳು. ಆಮೇಲೆ ಆ ಮೂಲೆಗೆ ಮೂಲೆಯೇ ನಕ್ಕಿತು. ಏನು, ಏನು ಎಂದು ಪಕ್ಕದವರು ಕೇಳಿದರು. ಹೇಳಿದ ಮಾತು ಸಾಲಿನಿಂದ ಸಾಲಿಗೆ ಹೋಯಿತು, ತಮಿಳಿಗೆ ತಿರುಗಿತು, ತೆಲುಗಿಗೆ ತಿರುಗಿತು. ಪೆರುಮಾಳನ ಬ್ಯಾಂಡಿನವರು ತುತ್ತೂರಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು. ವೇದಿಕೆಯ ಮೇಲೆ ಸುಧಾಕರ್ ಎಲ್ಲರ ಮುಖ ನೋಡುತ್ತಾ ತಾನೂ ಸ್ವಲ್ಪ ನಕ್ಕ.

ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಸುಧಾಕರನ ತಾಯಿ ವೆಂಕಟರತ್ನಮ್ಮ. ಬೂದಿಕೋಟೆಗೆ ಸೊಸೆಯಾಗಿ ಬಂದವಳು. ಮಗ ತೊಟ್ಟಿಲಲ್ಲಿದ್ದಾಗಲೇ ಗಂಡ ಸತ್ತು, ಅಣ್ಣನ ಆಸರೆಗೆಂದು ಬಂಗಾರಪೇಟೆ ಸೇರಿದ್ದಳು. ಆ ಗಂಡನಿಗೆ ಅರ್ಧ ದಾರಿಯಲ್ಲಿ ಮೂರು ಕೂಗು ಹೊಡೆದವನು ಆಂಜನಪ್ಪ. ಮೊದಲ ಕೂಗಿನಿಂದಲೂ, ಕೇಳಿದ್ದು ನಿಜವೋ ಭ್ರಮೆಯೋ ತಿಳಿಯದೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಈಗ ಮೆಟ್ಟಿಲಿಗೆ ಕೈಯೂರಿ ವೇದಿಕೆ ಹತ್ತಿದಳು.

"ಬಿಡ್ತು ಅನ್ನೋ! ಎಣದ ಗತ್ತು ಕಣೋ ಅದು, ನಿಮ್ಮಪ್ಪನ್ಗೆ ಒಡ್ದಿದ್ದು! ನಂದು ಅಂತೀಯಲ್ಲೋ ಪಾಪಿ, ಬಿಡ್ತು ಅನ್ನು! ನಂದಲ್ಲ ಅನ್ನು!"

ಮೈಕು ಸುಧಾಕರನ ಬಾಯಿಯ ಮುಂದೆಯೇ ಇತ್ತು. ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಬಿಡ್ತು," ಎಂದ. "ನಂದಲ್ಲ."

"ಯಾರ್ದು ಮತ್ತೆ? ಯೇಳು!"

"ಆಂಜನಪ್ಪಂದು." ದನಿ ಮಕ್ಕಳ ದನಿಯಂತಾಗಿತ್ತು. "ಬೂದಿಕೋಟೆ ಆಂಜನಪ್ಪಂದು. ಇದೂ ನಂದಲ್ಲ. ಸುವರ್ಣ ಲಯಾನೂ ನಂದಲ್ಲ. ಎಲ್ಲಾ ಆಂಜನಪ್ಪಂದೇ."

ಮೈದಾನದ ಎಂಟು ಸ್ಪೀಕರುಗಳಲ್ಲಿ ಅಪ್ಪನ ಹೆಸರು ಕೇಳಿದಾಗ ಆದಿಲಕ್ಷ್ಮಿ ಬಾಯಿ ತೆರೆದು ಅತ್ತಳು, ಅಪ್ಪ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಗಂಗರತ್ನಮ್ಮ ಅವಳ ಬೆನ್ನು ಸವರಿದಳು.

ಕಣ್ಣು ಒರೆಸಿಕೊಂಡು ನೋಡಿದರೆ ವೆಂಕಟರತ್ನಮ್ಮ ಎದುರಿಗೆ ನಿಂತಿದ್ದಳು. ಮೆಟ್ಟಿಲು ಇಳಿದು ನೇರ ಅವಳ ಹತ್ತಿರವೇ ಬಂದಿದ್ದಳು.

"ಆದಿಲಕ್ಷ್ಮೀ, ಅವ್ನು ಮಾಡಿದ್ದು ತಪ್ಪೇ. ಬೇಕಾದ್ರೆ ಒಡ್ದಾಕು. ಆದ್ರೆ ಕೂಗ್ಬುಟ್ಯಲ್ಲ ತಾಯಿ, ನನಗಿರೋನು ಒಬ್ನೇ. ತಿರುಗಿ ಕರ್ಯೋ ಗತ್ತು ಒಂದು ಒಡಿ. ನಿನ್ ಕಾಲಿಗೆ ಬೀಳ್ತೀನಿ."

ಬಗ್ಗಲು ಹೋದ ಮುದುಕಿಯ ಎರಡೂ ಕೈಗಳನ್ನು ಆದಿಲಕ್ಷ್ಮಿ ಹಿಡಿದುಕೊಂಡಳು. ತಣ್ಣಗಿದ್ದವು. ಒಂದು ಗಳಿಗೆ ಅವಳ ಮನಸ್ಸು ಕರಗಿತು, ಏನಾದರೂ ನಾಲ್ಕು ಏಟು ಹೊಡೆದು ಇದೇ ಅದು ಎಂದು ಸಮಾಧಾನ ಮಾಡಿಬಿಡಲೇ ಎನ್ನಿಸಿತು. ಆಮೇಲೆ ಜಗಲಿಯಲ್ಲಿ ಉಸಿರಿಗೆ ಒದ್ದಾಡುತ್ತಾ, ತನ್ನ ಹೆಸರು ಬರುತ್ತದೇನೋ ಎಂದು ಫೋನಿನ ಕಡೆ ನೋಡುತ್ತಿದ್ದ ಮುಖ ನೆನಪಾಯಿತು. ಮುದುಕಿಯ ಕೈಗಳನ್ನು ಮೆಲ್ಲಗೆ ಬಿಟ್ಟಳು.

"ಅಂತಾ ಗತ್ತು ಇಲ್ಲಮ್ಮ," ಎಂದಳು. "ಮೂರು ಕೂಗಿಗೆ ಎದ್ದು ಬಂದೋರು ಇವತ್ತಿನ್ಗಂಟ ಒಬ್ರೂ ಇಲ್ಲ, ಅದ್ಕೇ ಯಾರೂ ಕಟ್ಟಿಲ್ಲ. ಒಸದು ಕಟ್ಟೋರು ನಿಮ್ಮ ಮಗ ತಾನೆ? ಅವ್ರೇ ಕಟ್ಕೊಳ್ಲಿ."